ಹಸಿದವನ ರೂಪದಲ್ಲಿ ಬರುವ ದೇವರು

(ಕಲಾದಗಿಯಲ್ಲಿ ಕ್ರಿಸ್‌ಮಸ್ ವಾರದ ಒಂದು ಸಂಜೆ ನಡೆದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕಲಾದಗಿಯಲ್ಲಿ ನಿಂತು ಮಾತನಾಡುವವನಿಗೆ ಒಂದು ಸಂಗತಿ ತಾನಾಗಿಯೇ ನೆನಪಾಗುತ್ತದೆ. ಘಟಪ್ರಭೆಯ ದಂಡೆಯ ಈ ಊರು ಬ್ರಿಟಿಷರ ಕಾಲದಲ್ಲಿ ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ಮಾತ್ರವಲ್ಲ, ವಿಜಾಪುರವೂ ಆಗ ಕಲಾದಗಿ ಜಿಲ್ಲೆಯ ಒಳಗೇ ಇತ್ತು. 1880ರ ದಶಕದಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದವು. ಸಾಹೇಬರು ಹೋದರು, ಗುಮಾಸ್ತರು ಹೋದರು, ದಫ್ತರಗಳು ಹೋದವು. 1997ರಲ್ಲಿ ಈ ಸೀಮೆಗೆ ಮತ್ತೆ ಪ್ರತ್ಯೇಕ ಜಿಲ್ಲೆಯ ಭಾಗ್ಯ ಬಂದಾಗ ಮುಖ್ಯಸ್ಥಳದ ಪಟ್ಟ ಸಿಕ್ಕಿದ್ದು ಬಾಗಲಕೋಟೆಗೆ. ಕಲಾದಗಿ ಎಂದರೆ ಹೊರಗಿನವರಿಗೆ ಈಗ ದಾಳಿಂಬೆ ಮತ್ತು ಚಿಕ್ಕು.

ದೊಡ್ಡವರೆಲ್ಲ ಎದ್ದುಹೋದ ಮೇಲೆ ಊರಿನಲ್ಲಿ ಉಳಿಯುವವರು ಯಾರು? ತೋಟ ಕಾಯುವವರು, ರೊಟ್ಟಿ ಬಡಿಯುವವರು, ಮಗ್ಗಕ್ಕೆ ಕೂಡುವವರು, ಕಸ ಗುಡಿಸುವವರು. ನಾನು ಈ ಸಂಜೆ ಮಾತನಾಡಬೇಕೆಂದಿರುವುದು ಅವರ ಬಗ್ಗೆ. ಅವರ ಬದುಕಿನಲ್ಲಿ ದೇವರನ್ನು ಗುರುತಿಸುವುದೆಂದರೇನು ಎಂಬ ಬಗ್ಗೆ. ಕ್ರೈಸ್ತ ಧರ್ಮ ಈ ಪ್ರಶ್ನೆಗೆ ಕೊಡುವ ಉತ್ತರ ಏನು, ಆ ಉತ್ತರ ನಮ್ಮ ನೆಲಕ್ಕೆ ಬಂದಾಗ ಏನಾಯಿತು ಎಂಬುದು ನನ್ನ ವಿಷಯ. ನಾನು ಧರ್ಮಪಂಡಿತನಲ್ಲ, ಒಬ್ಬ ಪತ್ರಿಕಾ ವರದಿಗಾರ. ಆದ್ದರಿಂದ ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಭಾಗದ ಒಂದು ಊರಿನ ದೇವಾಲಯಕ್ಕೆ ಕ್ರಿಸ್‌ಮಸ್ ವರದಿಗಾಗಿ ಹೋಗಿದ್ದೆ. ಬಸ್ಸು ತಡವಾಗಿ, ಬಿಸಿಲೇರಿದ ಮೇಲೆ ತಲುಪಿದೆ. ಒಬ್ಬ ಮುದುಕಿ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ನೋಡಿದವಳೇ, "ಎಲ್ಲಿಂದ ಬಂದೀ ತಮ್ಮಾ? ಉಂಡೀ ಏನು?" ಎಂದು ಕೇಳಿದಳು. ಇಲ್ಲವೆಂದೆ. ಕಸಬರಿಗೆ ಬದಿಗಿಟ್ಟು, ಕೈ ತೊಳೆದು, ತನ್ನ ಬುತ್ತಿ ಬಿಚ್ಚಿ ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಕೊಟ್ಟಳು. ತಿಂದೆ. ಆಮೇಲೆ ಸಮಾರಂಭ ನಡೆಯಿತು. ಅತಿಥಿಗಳ ಹೆಸರು, ಅವರ ಹುದ್ದೆ, ಅವರಾಡಿದ ಮಾತು ಎಲ್ಲವನ್ನೂ ಬರೆದುಕೊಂಡೆ. ಮರುದಿನ ಫೋಟೊಗಳನ್ನು ನೋಡುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅವುಗಳಲ್ಲಿ ಒಂದನ್ನು ಎತ್ತಿ ಹಿಡಿದರು. ಗೋದಲಿಯ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಆ ಮುದುಕಿಯ ಚಿತ್ರ ಅದು. "ಚಿತ್ರ ಚೆನ್ನಾಗಿದೆ. ಯಾರಿವರು?" ಎಂದರು. ನನಗೆ ಗೊತ್ತಿರಲಿಲ್ಲ. ಅಂದು ನನಗೆ ಊಟ ಕೊಟ್ಟ ಒಬ್ಬಳೇ ವ್ಯಕ್ತಿಯ ಹೆಸರನ್ನು ನಾನು ಕೇಳಿರಲಿಲ್ಲ.

ಈ ಮಾತನ್ನು ಇಲ್ಲಿಗೆ ಬಿಟ್ಟು ಮುಂದೆ ಹೋಗುತ್ತೇನೆ. ಕೊನೆಯಲ್ಲಿ ಮತ್ತೆ ಬರುತ್ತೇನೆ.

ಬಡಗಿಯ ಮನೆಯ ಮಗ

ಕ್ರೈಸ್ತ ವಿಶ್ವಾಸದ ತಿರುಳು ಒಂದು ವಿಚಿತ್ರ ಹೇಳಿಕೆಯಲ್ಲಿದೆ: ದೇವರು ಮನುಷ್ಯನಾಗಿ ಬಂದ, ಅದೂ ಸಾಧಾರಣ ಮನುಷ್ಯನಾಗಿ. ಅರಮನೆಯಲ್ಲಿ ಹುಟ್ಟಲಿಲ್ಲ, ದನಗಳ ಗೋದಲಿಯಲ್ಲಿ ಮಲಗಿದ. ಮೊದಲ ಸುದ್ದಿ ತಲುಪಿದ್ದು ರಾತ್ರಿ ಕುರಿ ಕಾಯುತ್ತಿದ್ದವರಿಗೆ. ನಜರೇತೆಂಬ ಸಣ್ಣ ಊರಿನಲ್ಲಿ ಬಡಗಿಯ ಮನೆಯಲ್ಲಿ ಬೆಳೆದ. ಉಪದೇಶಕ್ಕೆ ಹೊರಡುವಾಗ ಅವನಿಗೆ ಸುಮಾರು ಮೂವತ್ತು ವರ್ಷ ಎಂದು ಲೂಕನ ಸುವಾರ್ತೆ ಹೇಳುತ್ತದೆ. ಅಲ್ಲಿಯವರೆಗಿನ ಬದುಕಿನ ಬಗ್ಗೆ ಸುವಾರ್ತೆಗಳು ಬಹುಮಟ್ಟಿಗೆ ಮೌನವಾಗಿವೆ. ಅಂದರೆ ಆ ಬದುಕಿನ ಹೆಚ್ಚಿನ ಪಾಲು ಯಾರೂ ವರದಿ ಮಾಡದ, ದಿನಗೆಲಸದ ಬದುಕು. ಈ ಸಂಗತಿಗೆ ಎಷ್ಟು ಮಹತ್ವ ಕೊಡಬೇಕೋ ಅಷ್ಟನ್ನು ನಾವು ಕೊಟ್ಟಿಲ್ಲವೆಂದು ನನಗನ್ನಿಸುತ್ತದೆ.

ಯೇಸು ಹೇಳಿದ ಕಥೆಗಳನ್ನು ನೋಡಿ. ಹಿಟ್ಟಿಗೆ ಹುಳಿ ಕಲಸುವ ಹೆಂಗಸು, ಬೀಜ ಬಿತ್ತುವ ರೈತ, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ತಾಯಿ, ಕೂಲಿಗಾಗಿ ಪೇಟೆಯಲ್ಲಿ ಕಾದು ನಿಂತ ಆಳುಗಳು. ದೇವರ ರಾಜ್ಯ ಹೇಗಿರುತ್ತದೆಂದು ಹೇಳಲು ಅವನು ಆರಿಸಿಕೊಂಡದ್ದು ಇಂಥವರನ್ನು. ನಮ್ಮ ಬಾದಾಮಿ, ಹುನಗುಂದ ಕಡೆಯ ಯಾವ ಹಳ್ಳಿಯಲ್ಲಿ ಈ ಜನ ಇಲ್ಲ?

ಆದರೆ ನನ್ನ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಕೊನೆಯಲ್ಲಿ ಬರುವ ನ್ಯಾಯತೀರ್ಪಿನ ಚಿತ್ರ. ಅಲ್ಲಿ ಅರಸನು ಜನರನ್ನು ಎರಡು ಗುಂಪು ಮಾಡುತ್ತಾನೆ. ತಾನು ಹಸಿದಾಗ, ಬಾಯಾರಿದಾಗ, ಪರದೇಶಿಯಾದಾಗ, ಬಟ್ಟೆಯಿಲ್ಲದಾಗ, ರೋಗಿಯಾದಾಗ, ಸೆರೆಯಲ್ಲಿದ್ದಾಗ ನೆರವಾದವರು ಒಂದು ಕಡೆ. ಆಗದವರು ಇನ್ನೊಂದು ಕಡೆ. ಸೋಜಿಗವೆಂದರೆ, ಎರಡೂ ಗುಂಪಿನವರು ಒಂದೇ ಪ್ರಶ್ನೆ ಕೇಳುತ್ತಾರೆ: ನಾವು ನಿನ್ನನ್ನು ಯಾವಾಗ ನೋಡಿದೆವು? ಕೆಟ್ಟವರು ದೇವರನ್ನು ಗುರುತಿಸಲಿಲ್ಲ, ಸರಿ. ಆದರೆ ಒಳ್ಳೆಯವರೂ ಗುರುತಿಸಿರಲಿಲ್ಲ! ಅವರು ದೇವರೆಂದು ತಿಳಿದು ಅನ್ನ ಕೊಡಲಿಲ್ಲ. ಹಸಿದಿದ್ದಾನೆಂದು ತಿಳಿದು ಕೊಟ್ಟರು.

ಹಾಗಾದರೆ ಗುರುತಿಸುವುದು ಎಂದರೇನು? ಯಾರ ಮುಖದ ಸುತ್ತಲೂ ಪ್ರಭೆ ಇದೆ ಎಂದು ಹುಡುಕುವುದಲ್ಲ. ಈ ಧರ್ಮದ ಪ್ರಕಾರ ಗುರುತು ಮೊದಲು ಕೈಗೆ ಹತ್ತುತ್ತದೆ, ಆಮೇಲೆ ಕಣ್ಣಿಗೆ. ಲೂಕನ ಸುವಾರ್ತೆಯ ಇನ್ನೊಂದು ಪ್ರಸಂಗವೂ ಇದನ್ನೇ ಹೇಳುತ್ತದೆ. ಯೇಸು ಸತ್ತನೆಂದು ದುಃಖಿಸುತ್ತ ಇಬ್ಬರು ಯೆರೂಸಲೇಮಿನಿಂದ ಒಂದು ಹಳ್ಳಿಗೆ ನಡೆದು ಹೋಗುತ್ತಿರುತ್ತಾರೆ. ಅಪರಿಚಿತನೊಬ್ಬ ಜೊತೆಯಾಗುತ್ತಾನೆ. ದಾರಿಯುದ್ದಕ್ಕೂ ಧರ್ಮಗ್ರಂಥಗಳ ಬಗ್ಗೆ ಮಾತಾಡಿದರೂ ಅವನು ಯಾರೆಂದು ತಿಳಿಯುವುದಿಲ್ಲ. ಹೊತ್ತು ಮುಳುಗಿತು, ನಮ್ಮಲ್ಲೇ ಉಳಿ ಎಂದು ಕರೆದು ಊಟಕ್ಕೆ ಕೂಡಿಸಿದಾಗ, ಅವನು ರೊಟ್ಟಿ ಮುರಿದಾಗ, ಅವನೇ ಯೇಸು ಎಂದು ತಿಳಿಯುತ್ತದೆ. ಶಾಸ್ತ್ರಚರ್ಚೆಯಲ್ಲಿ ಸಿಗದ ಗುರುತು ಊಟದ ಹೊತ್ತಿಗೆ ಸಿಕ್ಕಿತು.

ಗುಳೇದಗುಡ್ಡ ಮತ್ತು ಬರಗಾಲ

ಈ ಮಾತುಗಳು ನಮ್ಮ ಸೀಮೆಗೆ ಬಂದದ್ದು ಹೇಗೆ? ನೆರೆಯ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಶತಮಾನಗಳಷ್ಟು ಹಳೆಯ ಕಥೋಲಿಕ ಸಮುದಾಯವಿದೆ. ಕನ್ನಡದಲ್ಲಿ ಸಂಪೂರ್ಣ ಬೈಬಲ್ ಸಿದ್ಧವಾದದ್ದು ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ, 1831ರಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ, ಮತ್ತು 1851ರಲ್ಲಿ ಗುಳೇದಗುಡ್ಡ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ದೈವಭಕ್ತಿ ದಿನದ ದುಡಿಮೆಯಲ್ಲಿ ಕಾಣಬೇಕು ಎಂಬುದು ಅವರು ಬೆಳೆದ ಪರಂಪರೆಯ ಮುಖ್ಯ ಮಾತು. ಗುಳೇದಗುಡ್ಡವಂತೂ ನೇಕಾರರ ಊರು. ಅಲ್ಲಿಯ ಖಣ ಉಡುವ ಹೆಣ್ಣುಮಕ್ಕಳು ಮಹಾರಾಷ್ಟ್ರದಲ್ಲೂ ಇದ್ದಾರೆ. ಕುಣಿಯಲ್ಲಿ ಕಾಲಿಳಿಸಿ ಕೂತು ಲಾಳಿ ಎಸೆಯುವ ಜನಕ್ಕೂ ದೂರದ ಕುಶಲಕರ್ಮಿಗಳ ಮಕ್ಕಳಿಗೂ ಮಾತು ಬೇರೆಯಾಗಿತ್ತು, ಕೈಗೆಲಸದ ಬೆಲೆ ಇಬ್ಬರಿಗೂ ಗೊತ್ತಿತ್ತು.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಪಾದ್ರಿಗಳು ಬಂದದ್ದು ದೇವರನ್ನು ಕೊಡುವುದಕ್ಕೆ, ಇಲ್ಲಿರುವ ದೇವರನ್ನು ಕಾಣುವುದಕ್ಕಲ್ಲ. ಇಲ್ಲಿಯ ಭಕ್ತಿಯನ್ನು ಕತ್ತಲೆ ಎಂದು ಕರೆದ ಬರಹಗಳಿಗೆ ಕೊರತೆಯಿಲ್ಲ. ಎಷ್ಟು ಜನ ಸೇರಿದರು ಎಂದು ಲೆಕ್ಕ ಇಟ್ಟು ವರ್ಷವರ್ಷ ವರದಿ ಕಳಿಸುತ್ತಿದ್ದರು. ಎಣಿಸುವ ಕಣ್ಣು ಗುರುತಿಸುವ ಕಣ್ಣಾಗುವುದು ಕಷ್ಟ. ವರದಿ ಬರೆಯುವವನಾದ ನನಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಎಣಿಕೆಯ ನಿಜವಾದ ಕ್ರೌರ್ಯ ಕಾಣಿಸಿದ್ದು 1876ರಿಂದ 1878ರ ಬರದಲ್ಲಿ. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರದಲ್ಲಿ ಮುಂಬಯಿ ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಬರ ಪರಿಹಾರದ ಖರ್ಚು ತಗ್ಗಿಸಲು ಬಂದರು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದು ಆಣೆ ಸಾಕು ಎಂದು ಲೆಕ್ಕ ಹಾಕಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಮಣ್ಣು ಹೊರುವ, ಕಲ್ಲು ಒಡೆಯುವ ಆಳಿಗೆ ಅಷ್ಟು! ಪ್ರಾಂತದ ಹಲವೆಡೆ ಕೂಲಿಕಾರರು ಕೆಲಸ ಬಿಟ್ಟು ಪ್ರತಿಭಟಿಸಿದರು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಭಾಗ ಇಳಿದಿತ್ತು. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ. ಗಣತಿಯ ಪುಸ್ತಕದಲ್ಲಿ ಅವರೆಲ್ಲ ಒಂದು ಅಂಕಿ.

ಬರದಲ್ಲಿ ಅನಾಥರಾದ ಮಕ್ಕಳಿಗೆ ಬಾಸೆಲ್ ಮಿಷನ್ ಆಶ್ರಯ ಕೊಟ್ಟಿತು. ಹಸಿದವರಿಗೆ ಅನ್ನ ಕೊಟ್ಟು ಮತಕ್ಕೆ ಸೇರಿಸಿಕೊಂಡರು ಎಂಬ ಆಕ್ಷೇಪ ಅಂದಿನಿಂದ ಇಂದಿನವರೆಗೂ ಇದೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಸಿವಿನ ಎದುರು ನಿಂತವನಿಗೆ ಆಯ್ಕೆ ಎಂಬುದು ಎಷ್ಟರ ಮಟ್ಟಿಗೆ ಇರುತ್ತದೆ? ಆದರೆ ಅಳೆಯುವುದಾದರೆ ಆ ಧರ್ಮದ ಕೋಲಿನಿಂದಲೇ ಅಳೆಯಬಹುದು. ನ್ಯಾಯತೀರ್ಪಿನ ಆ ಚಿತ್ರದಲ್ಲಿ ಅರಸನು ಊಟ ಪಡೆದವನು ಆಮೇಲೆ ಯಾವ ಮತಕ್ಕೆ ಸೇರಿದ ಎಂದು ಕೇಳುವುದಿಲ್ಲ. ಕೊಟ್ಟೆಯೋ ಇಲ್ಲವೋ ಎಂದಷ್ಟೇ ಕೇಳುತ್ತಾನೆ. ಆ ಅಳತೆಯಲ್ಲಿ, ಸರಕಾರ ಪೌಂಡ್ ಲೆಕ್ಕ ಹಾಕುತ್ತಿದ್ದಾಗ ಒಂದು ಮಗುವಿಗೆ ಗಂಜಿ ಕುಡಿಸಿದ ಕೈ ದೊಡ್ಡದು. ಆ ಗಂಜಿಗೆ ಬೆಲೆ ಕಟ್ಟಿದ ಕ್ಷಣದಲ್ಲಿ ಅದೇ ಕೈ ಸಣ್ಣದಾಗುತ್ತದೆ. ಇಂಥ ಸೇವೆಯ ಒಂದು ನೆನಪು ಬೆಟಗೇರಿಯಲ್ಲಿ ಉಳಿದಿದೆ. ಅಲ್ಲಿಯ ಮಿಷನ್ ದವಾಖಾನೆಯನ್ನು ಜನ 'ಜರ್ಮನ್ ಆಸ್ಪತ್ರೆ' ಎಂದೇ ಕರೆದರು. ಮತ ಕೇಳದೆ ಮದ್ದು ಕೊಟ್ಟ ಜಾಗದ ಹೆಸರು ಜನರ ಬಾಯಲ್ಲಿ ತಾನಾಗಿ ಉಳಿಯುತ್ತದೆ.

ಕೊಡಲು ಬಂದವರು, ಕಾಣಲು ಹೊರಟವರು

ಬಂದವರಲ್ಲಿ ಕೆಲವರು ನಿಧಾನವಾಗಿ ಕಲಿತರು. ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. 1894ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ಹಳಗನ್ನಡ ಕಾವ್ಯದ ಪದಗಳ ಪಕ್ಕದಲ್ಲೇ ಆಡುಮಾತು, ಗಾದೆಗಳಿಗೂ ಜಾಗ ಸಿಕ್ಕಿತು. ಒಂದು ಜನದ ಗಾದೆಗಳನ್ನು ಜೋಪಾನ ಮಾಡುವವನು ಆ ಜನವನ್ನು ಬರೀ ಕತ್ತಲೆ ಎಂದು ಬಹಳ ದಿನ ನಂಬಲಾರ.

ಆದರೆ ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದವರು ನಮ್ಮವರೇ ಆದ ಒಬ್ಬ ಪಾದ್ರಿ, ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಷನ್ ವೇದಶಾಲೆಯಲ್ಲಿ ಓದಿ ಬೋಧಕರಾದವರು. 1921ರಲ್ಲಿ ಅವರು ಬರೆದ ಒಂದು ಕೃತಿಯ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಹೆಸರಿನಲ್ಲಿರುವ ಕೊನೆಯ ಪದವನ್ನು ಗಮನಿಸಿ. ಅದು ಆಜ್ಞೆಯಲ್ಲ, ಖಂಡನೆಯಲ್ಲ, ವಿನಂತಿ. ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವನ ದನಿ ಅದು.

1924ರಲ್ಲಿ ಅವರ 'ಸರ್ವಜ್ಞನ ವಚನಗಳು' ಹೊರಬಂತು. ಸರ್ವಜ್ಞ ಯಾರು? ಜನರ ನೆನಪಿನಲ್ಲಿ ಅವನು ಭಿಕ್ಷೆ ಬೇಡಿ ತಿಂದು ಊರೂರು ತಿರುಗಿದವನು. ಅವನ ತ್ರಿಪದಿಗಳು ಓಲೆಗರಿಗಳಲ್ಲಿದ್ದವು. ಅದಕ್ಕಿಂತ ಹೆಚ್ಚಾಗಿ ಹೊಲದಲ್ಲಿ, ಕಟ್ಟೆಯ ಮೇಲೆ, ಬೀಸುಕಲ್ಲಿನ ಮುಂದೆ ಜನರ ಬಾಯಲ್ಲಿದ್ದವು. ಒಬ್ಬ ಕ್ರೈಸ್ತ ಬೋಧಕ ಹಳ್ಳಿ ಹಳ್ಳಿ ತಿರುಗಿ ಅವುಗಳನ್ನು ಕೂಡಿಹಾಕಿದ. ಉಪದೇಶ ಮಾಡಬೇಕಾದವನು ಕಿವಿಗೊಟ್ಟು ಕೂತ. ಇಂದು ನಾವು ಶಾಲೆಯಲ್ಲಿ ಸರ್ವಜ್ಞನನ್ನು ಓದುವುದರ ಹಿಂದೆ ಈ ದುಡಿಮೆ ಇದೆ. ತಿರುಕ ಕವಿಯ ಹಿಂದೆ ಹೋದ ಚನ್ನಪ್ಪನವರಿಗೆ 'ತಿರುಳ್ಗನ್ನಡದ ತಿರುಕ' ಎಂಬ ಹೆಸರೇ ನಿಂತಿತು. ಮುಂದೆ ಅವರು ವಚನಕಾರರ ಕಡೆ ತಿರುಗಿ ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯನವರ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಪ್ರತಿಪಾದಿಸಿದರು. 1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1962ರಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರು ಕ್ರೈಸ್ತರಾಗಿಯೇ ಇದ್ದರು ಎಂಬುದನ್ನು ಮರೆಯಬಾರದು. ತಮ್ಮ ನಂಬಿಕೆಯನ್ನು ಬಿಟ್ಟು ಅವರು ನೆರೆಯವರ ಬಳಿಗೆ ಹೋಗಲಿಲ್ಲ. ದೇವರು ಸಾಮಾನ್ಯನ ರೂಪದಲ್ಲಿ ಬರುತ್ತಾನೆಂದು ಅವರ ನಂಬಿಕೆಯೇ ಹೇಳಿತ್ತು. ಹಾಗೆ ಬಂದವನನ್ನು ಅವರು ಕನ್ನಡ ನಾಡಿನ ಬೀದಿಯಲ್ಲಿ ಹುಡುಕಿದರು ಎಂದು ನಾನು ತಿಳಿಯುತ್ತೇನೆ.

ಮಾರಯ್ಯನ ಸೌದೆಯ ಹೊರೆ

ಚನ್ನಪ್ಪನವರು ಸಂಪಾದಿಸಿದ ವಚನಕಾರರಲ್ಲಿ ಮೋಳಿಗೆ ಮಾರಯ್ಯನ ಕಥೆಯನ್ನು ನಿಮಗೆ ನೆನಪಿಸಬೇಕು. ಕೂಡಲಸಂಗಮ ನಮ್ಮ ಹುನಗುಂದ ಸೀಮೆಯದು, ಆದ್ದರಿಂದ ಇದು ನಿಮಗೆ ಹೊಸ ಕಥೆಯಲ್ಲ. ಕಾಶ್ಮೀರದ ಅರಸನಾಗಿದ್ದ ಮಾರಯ್ಯ ಹೆಂಡತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಸೌದೆಯ ಹೊರೆ ಮಾರಿ ದಾಸೋಹ ಮಾಡುತ್ತಿದ್ದ ಎಂದು ಐತಿಹ್ಯ. ಅವನ ಬಡತನ ನೋಡಿದ ಬಸವಣ್ಣ ವೇಷ ಮರೆಸಿಕೊಂಡು ಹೋಗಿ, ಆ ಮನೆಯ ಅಂಬಲಿ ಉಂಡು, ಹೊನ್ನಿನ ಗಂಟುಗಳನ್ನು ಗುಟ್ಟಾಗಿ ಇಟ್ಟು ಬಂದನಂತೆ. ಮಾರಯ್ಯನಿಗೆ ನೋವಾಯಿತು. ಆ ಹೊನ್ನನ್ನು ತಾನು ಇಟ್ಟುಕೊಳ್ಳದೆ ಕೊಟ್ಟುಬಿಟ್ಟ. ಬಸವಣ್ಣನೇ ಬಂದು ತಪ್ಪೊಪ್ಪಿಕೊಳ್ಳಬೇಕಾಯಿತು.

ಬಡವನಲ್ಲಿ ದೇವರನ್ನು ಕಾಣುವುದೆಂದರೆ ಬಡವನ ಮೇಲೆ ಕನಿಕರ ಸುರಿಯುವುದಲ್ಲ ಎಂದು ಈ ಕಥೆ ಹೇಳುತ್ತದೆ. ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಎಂದು ತಿಳಿದರೆ ಅಲ್ಲಿ ದೇವರೂ ಇಲ್ಲ, ಮನುಷ್ಯನೂ ಇಲ್ಲ. ಸೌದೆ ಹೊರುವವನಿಗೆ ತನ್ನದೇ ಕಾಯಕವಿದೆ, ತನ್ನದೇ ದಾಸೋಹವಿದೆ. ಅವನ ಮನೆಯ ಅಂಬಲಿ ಯಾರಿಗೂ ಕಡಿಮೆಯದಲ್ಲ. ಸುವಾರ್ತೆಯಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗವಿದೆ. ಸಿರಿವಂತರು ಹಾಕಿದ ರಾಶಿಗಿಂತ ಅವಳ ಕಾಣಿಕೆ ಹೆಚ್ಚಿನದೆಂದು ಯೇಸು ತೋರಿಸಿದ. ಅಲ್ಲಿಯೂ ಬಡವಳು ಬೇಡುವವಳಲ್ಲ, ಕೊಡುವವಳು.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕ್ರೈಸ್ತರು ದೇವರು ಒಂದೇ ಬಾರಿ, ಒಬ್ಬನೇ ಯೇಸುವಿನಲ್ಲಿ ಮನುಷ್ಯನಾದ ಎನ್ನುತ್ತಾರೆ. ಶರಣರು ಅಂಗದ ಮೇಲೆ ಲಿಂಗ ಧರಿಸಿ ದೇಹವನ್ನೇ ದೇಗುಲ ಮಾಡಿದರು. ಈ ಭೇದಗಳು ದೊಡ್ಡವು, ಅವುಗಳನ್ನು ಅಳಿಸಿ ಸಮಾಧಾನಪಡುವುದು ಇಬ್ಬರಿಗೂ ಅಗೌರವ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಡಿದ ಮೇಲೂ ಸೆರಗು ಸೆರಗಾಗಿ, ಒಡಲು ಒಡಲಾಗಿ ಇರುತ್ತದೆ. ಚನ್ನಪ್ಪನವರು ಮಾಡಿದ್ದು ಅಂಥ ಕೊಂಡಿ ಕೂಡಿಸುವ ಕೆಲಸ. ಮತಗಳ ಹೆಸರಿನಲ್ಲಿ ನೆರೆಯವನನ್ನು ಅನುಮಾನದಿಂದ ನೋಡುವುದು ಸುಲಭವಾಗಿರುವ ದಿನಗಳಲ್ಲಿ ನಾವಿದ್ದೇವೆ. ನೆರೆಯವನು ಯಾವ ಗುಂಪಿನವನು ಎಂದು ಎಣಿಸುವುದಕ್ಕೆ ಮೊದಲು ಅವನು ಉಂಡನೋ ಇಲ್ಲವೋ ಎಂದು ಕೇಳಿದ ಪರಂಪರೆ ಈ ನೆಲದಲ್ಲಿ ಎರಡೂ ಕಡೆ ಇದೆ.

ಮತ್ತೆ ಆ ಅಂಗಳ

ಮೊದಲು ಹೇಳಿದ ಮುದುಕಿಯ ಮಾತಿಗೆ ಬರುತ್ತೇನೆ. ಆ ಚಿತ್ರ ಪತ್ರಿಕೆಯಲ್ಲಿ ಬರಲಿಲ್ಲ. ಹೆಸರಿಲ್ಲದ ಚಿತ್ರವನ್ನು ಹಾಕುವುದು ಹೇಗೆ? ಕೆಲವು ತಿಂಗಳ ನಂತರ ಅದೇ ದಾರಿಯಲ್ಲಿ ಹೋಗುವಾಗ ಇಳಿದು ಹೋದೆ. ಅವಳು ಅಲ್ಲಿಯೇ ಇದ್ದಳು. "ಯವ್ವಾ, ಅವತ್ತು ನಿನ್ನ ಹೆಸರು ಕೇಳೋದ ಬಿಟ್ಟೆ, ತಪ್ಪಾಯ್ತು" ಎಂದೆ. ಅವಳು ನಕ್ಕಳು. "ನಾನೂ ನಿನ್ನ ಹೆಸರ ಕೇಳಲಿಲ್ಲಲ್ಲಾ ತಮ್ಮಾ. ಹಸದ ಬಂದಿದ್ದಿ, ರೊಟ್ಟಿ ಕೊಟ್ಟೆ. ಹೆಸರ ತಗೊಂಡು ಏನ ಮಾಡೂದು?" ಎಂದಳು. ಆಮೇಲೆ ಹೆಸರು ಹೇಳಿದಳು, ಪೇಪರಿನಲ್ಲಿ ಹಾಕಬೇಡ ಎಂದೂ ಹೇಳಿದಳು. ಆದ್ದರಿಂದ ಇಲ್ಲಿಯೂ ಹೇಳುತ್ತಿಲ್ಲ.

ಅಲ್ಲಿಯವರೆಗೆ ನಾನು ತಿಳಿದಿದ್ದೆ: ನಾನು ಗುರುತಿಸಬೇಕಾದವನು, ಅವಳು ಗುರುತಿಸಿಕೊಳ್ಳಬೇಕಾದವಳು. ಸಾಮಾನ್ಯರಲ್ಲಿ ದೇವರನ್ನು ಕಾಣುವ ದೊಡ್ಡ ಕೆಲಸ ನನ್ನಂಥ ಓದಿದವರದು ಎಂದು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ಲೆಕ್ಕವೇ ತಲೆಕೆಳಗಾಗಿತ್ತು. ಹಸಿದು ಬಂದ ಪರದೇಶಿ ನಾನು. ಯಾರೆಂದು ಕೇಳದೆ, ಯಾವ ಜಾತಿ, ಯಾವ ಮತ ಎಂದು ಕೇಳದೆ ತನ್ನ ಬುತ್ತಿಯ ಪಾಲು ಕೊಟ್ಟವಳು ಅವಳು. ಸುವಾರ್ತೆಯ ಆ ಅಧ್ಯಾಯವನ್ನು ಅವಳು ಎಷ್ಟು ಸಲ ಕೇಳಿದ್ದಳೋ ನಾನು ವಿಚಾರಿಸಲಿಲ್ಲ. ಅದನ್ನು ನೆನೆದು ರೊಟ್ಟಿ ಕೊಟ್ಟಳೆಂದೂ ನನಗನ್ನಿಸುವುದಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಉಂಡೀ ಏನು ಎಂದು ಕೇಳುವುದು ರೂಢಿ, ಅವಳೂ ಕೇಳಿದಳು.

ಈ ರೂಢಿಯನ್ನು ನಾವು ಸಣ್ಣದೆಂದು ತಿಳಿಯಬಾರದು ಎಂಬುದೇ ನನ್ನ ಈ ಸಂಜೆಯ ಮಾತಿನ ಸಾರ. ಕಲಾದಗಿಯಿಂದ ಕಚೇರಿಗಳು ಹೋದವು, ಅವುಗಳ ಅಂಕಿಅಂಶಗಳೂ ಹಳೆಯದಾದವು. ಉಂಡೀ ಏನು ಎಂದು ಕೇಳುವ ಜನ ಹೋಗಿಲ್ಲ. ಅವರು ಇರುವವರೆಗೆ ಕ್ರಿಸ್‌ಮಸ್ಸಿನ ಅರ್ಥವನ್ನು ಹುಡುಕಿಕೊಂಡು ನಾವು ಬೆತ್ಲೆಹೇಮಿನವರೆಗೆ ಹೋಗಬೇಕಾಗಿಲ್ಲ. ಹೊರಗೆ ಚಹಾ ಸಿದ್ಧವಾಗಿದೆಯಂತೆ. ಚಹಾ ಕೊಡುವವರ ಹೆಸರನ್ನು ನಾನು ಈ ಸಲ ಮೊದಲೇ ಕೇಳಿಕೊಂಡಿದ್ದೇನೆ, ನೀವೂ ಕೇಳಿ.